ಕಾಟ್ಸ್‌ವೋಲ್ಡ್ ಡಿಸ್ಟ್ರಿಕ್ಟ್: ಸ್ಥಳೀಯಾಡಳಿತ ಮತ್ತು ಪರಂಪರೆ

ಕಾಟ್ಸ್‌ವೋಲ್ಡ್ ಇಂಗ್ಲೆಂಡಿನ ನೈಋತ್ಯ ಭಾಗದಲ್ಲಿರುವ ಗ್ಲಾಸ್ಟರ್‌ಶೈರ್ ಕೌಂಟಿಯ ಪೂರ್ವದ ಅಂಚಿನ ಗ್ರಾಮೀಣ ಡಿಸ್ಟ್ರಿಕ್ಟ್. ವಿಸ್ತೀರ್ಣ ಸುಮಾರು 1,165 ಚ.ಕಿ.ಮೀ. 2021ರ ಜನಗಣತಿಯ ಪ್ರಕಾರ ಜನಸಂಖ್ಯೆ ಸುಮಾರು 90,800. ಆಡಳಿತ ಕೇಂದ್ರ ಸೈರನ್‌ಸೆಸ್ಟರ್. ಸುಮಾರು 20 ಸಾವಿರ ಜನರಿರುವ ಈ ಪಟ್ಟಣವೇ ಇಲ್ಲಿಯ ಅತಿ ದೊಡ್ಡ ಊರು. ಟೆಟ್ಬರಿ, ಫೇರ್‌ಫರ್ಡ್, ಲೆಚ್‌ಲೇಡ್, ನಾರ್ತ್‌ಲೀಚ್, ಸ್ಟೋ-ಆನ್-ದ-ವೋಲ್ಡ್, ಮೋರ್ಟನ್-ಇನ್-ಮಾರ್ಷ್, ಚಿಪ್ಪಿಂಗ್ ಕ್ಯಾಂಪ್ಡನ್ ಉಳಿದ ಮುಖ್ಯ ಪೇಟೆಗಳು. ಹೆಸರು ಕೇಳಿ ಇದನ್ನು ನಮ್ಮ ಜಿಲ್ಲೆಯೆಂದು ತಿಳಿಯಬಾರದು. ಅಲ್ಲಿ ಜಿಲ್ಲೆಯ ಸ್ಥಾನ ಕೌಂಟಿಯದು. ಡಿಸ್ಟ್ರಿಕ್ಟ್ ಅದರ ಕೆಳಗಿನ ಹಂತ, ಹರವಿನಲ್ಲಿ ಒಂದು ತಾಲ್ಲೂಕಿನಷ್ಟು.

ಇಷ್ಟು ಚಿಕ್ಕ ಜನಸಂಖ್ಯೆಯ ನಾಡಿನಲ್ಲಿ ಕಾನೂನಿನ ರಕ್ಷಣೆ ಪಡೆದ ಕಟ್ಟಡಗಳ ನಮೂದುಗಳು ಸುಮಾರು 5 ಸಾವಿರ ಇವೆ. ಸಂರಕ್ಷಣಾ ವಲಯಗಳು 140ಕ್ಕೂ ಹೆಚ್ಚು. ಡಿಸ್ಟ್ರಿಕ್ಟಿನ ನೆಲದಲ್ಲಿ ಐದರಲ್ಲಿ ನಾಲ್ಕು ಪಾಲು ಕಾಟ್ಸ್‌ವೋಲ್ಡ್ಸ್ ರಾಷ್ಟ್ರೀಯ ಭೂದೃಶ್ಯವೆಂಬ ರಕ್ಷಿತ ಪ್ರದೇಶದ ಎಲ್ಲೆಯೊಳಗಿದೆ. ಇಲ್ಲಿ ಪರಂಪರೆ ಎಂದರೆ ಜನ ಒಲೆ ಹಚ್ಚಿ, ಬಟ್ಟೆ ಒಣಹಾಕಿ, ಮಕ್ಕಳನ್ನು ಶಾಲೆಗೆ ಕಳಿಸುವ ಮನೆಗಳೇ. ಆದ್ದರಿಂದ ಈ ನಾಡಿನ ಪರಂಪರೆಯನ್ನು ತಿಳಿಯಬೇಕಾದರೆ ಅದನ್ನು ದಿನನಿತ್ಯ ಕಾಯುವ ಸ್ಥಳೀಯಾಡಳಿತವನ್ನೂ ಜೊತೆಗೇ ತಿಳಿಯಬೇಕಾಗುತ್ತದೆ.

ನೆಲ ಮತ್ತು ಕಲ್ಲು

ಕಾಟ್ಸ್‌ವೋಲ್ಡ್ ಬೆಟ್ಟಸಾಲು ಪಶ್ಚಿಮದಲ್ಲಿ ಕಡಿದಾಗಿ ಎದ್ದು ಪೂರ್ವಕ್ಕೆ ನಿಧಾನವಾಗಿ ಇಳಿಯುತ್ತದೆ. ಡಿಸ್ಟ್ರಿಕ್ಟಿನ ಬಹುಭಾಗ ಈ ಇಳಿಜಾರಿನಲ್ಲಿದೆ. ಚರ್ನ್, ಕೋಲ್ನ್, ಲೀಚ್, ವಿಂಡ್‌ರಷ್ ಎಂಬ ಚಿಕ್ಕ ನದಿಗಳು ಕಣಿವೆಗಳನ್ನು ಕೊರೆಯುತ್ತ ಹರಿದು ಥೇಮ್ಸ್ ನದಿಯನ್ನು ಸೇರುತ್ತವೆ. ಥೇಮ್ಸ್‌ನ ಉಗಮಸ್ಥಾನವೆಂದು ಗುರುತಿಸಿರುವ ಥೇಮ್ಸ್ ಹೆಡ್ ಕೂಡ ಇಲ್ಲಿಯೇ, ಕೆಂಬಲ್ ಹಳ್ಳಿಯ ಸಮೀಪ, ಒಂದು ಹುಲ್ಲುಗಾವಲಿನಲ್ಲಿದೆ. ಅಲ್ಲೊಂದು ಗುರುತಿನ ಕಲ್ಲು ನಿಲ್ಲಿಸಿದ್ದಾರೆ. ಬೇಸಿಗೆಯಲ್ಲಿ ಆ ಒರತೆ ಬಹುಪಾಲು ಬತ್ತಿಯೇ ಇರುತ್ತದೆ.

ಈ ನಾಡಿನ ಚಹರೆಯನ್ನು ರೂಪಿಸಿದ್ದು ಕಾಲಡಿಯ ಸುಣ್ಣಕಲ್ಲು. ಸುಮಾರು 17 ಕೋಟಿ ವರ್ಷಗಳ ಹಿಂದೆ, ಜುರಾಸಿಕ್ ಯುಗದ ಬೆಚ್ಚನೆಯ ಆಳವಿಲ್ಲದ ಕಡಲಿನಲ್ಲಿ ಹುಟ್ಟಿದ ಈ ಕಲ್ಲನ್ನು ಹತ್ತಿರದಿಂದ ನೋಡಿದರೆ ಮೀನಿನ ತತ್ತಿಗಳನ್ನು ಒತ್ತಿ ಅಂಟಿಸಿದಂತೆ ಸಣ್ಣ ಗುಂಡು ಕಣಗಳು ಕಾಣುತ್ತವೆ. ಕಬ್ಬಿಣದ ಅಂಶ ಹೆಚ್ಚಿರುವ ಉತ್ತರದಲ್ಲಿ ಇದರ ಬಣ್ಣ ಜೇನಿನದು. ದಕ್ಷಿಣಕ್ಕೆ ಬಂದಂತೆ ತಿಳಿಯಾಗಿ ಕೆನೆಬಣ್ಣಕ್ಕೆ ತಿರುಗುತ್ತದೆ. ಗಣಿಯಿಂದ ತೆಗೆದ ಹೊಸತರಲ್ಲಿ ಕೆತ್ತಲು ಸುಲಭ, ಗಾಳಿಗೆ ಬಿಟ್ಟಂತೆ ಗಟ್ಟಿಯಾಗುತ್ತದೆ. ಗೋಡೆ, ಕಿಟಕಿಯ ಚೌಕಟ್ಟು, ಹೊಗೆಗೂಡು, ಹೊಲದ ಬೇಲಿ ಎಲ್ಲವೂ ಅದರಿಂದಲೇ.

ಚಾವಣಿಗೂ ಅದೇ ಕಲ್ಲು. ಕೆಲವು ಗಣಿಗಳಲ್ಲಿ ಕಲ್ಲಿನ ಹಾಸುಗಳನ್ನು ಚಳಿಗಾಲಕ್ಕೆ ಮುಂಚೆ ಅಗೆದು ಒದ್ದೆಯಾಗಿಯೇ ಬಯಲಲ್ಲಿ ಹರಡುತ್ತಿದ್ದರು. ಒಳಗಿನ ತೇವ ಹೆಪ್ಪುಗಟ್ಟಿ ಹಿಗ್ಗಿದಾಗ ಕಲ್ಲು ತಾನಾಗಿ ಪದರ ಪದರವಾಗಿ ಬಿಡಿಸಿಕೊಳ್ಳುತ್ತಿತ್ತು. ಆ ತೆಳುಹಲಗೆಗಳನ್ನು ಸೂರಿನ ಅಂಚಿನಲ್ಲಿ ದೊಡ್ಡವು, ಮೇಲೇರಿದಂತೆ ಚಿಕ್ಕವು ಎಂಬ ಕ್ರಮದಲ್ಲಿ ಹೊದಿಸುತ್ತಾರೆ. ದೂರದಿಂದ ನೋಡಿದರೆ ಮೀನಿನ ಮೈಮೇಲಿನ ಹುರುಪೆಯಂತೆ ಕಾಣುತ್ತದೆ. ಚಾವಣಿಯ ಕಡಿದಾದ ಇಳಿಜಾರಿಗೆ ಕಾರಣವೂ ಈ ಹೊದಿಕೆಯೇ: ಕಲ್ಲು ತೂಕದ್ದು, ಸಂದುಗಳು ಹೆಚ್ಚು, ನೀರು ನಿಲ್ಲದೆ ಜಾರಿಹೋಗಬೇಕು.

ಚಾರಿತ್ರಿಕ ಹಿನ್ನೆಲೆ

ಈ ನೆಲದ ಮಾನವ ಚರಿತ್ರೆ ಬಹಳ ಹಳೆಯದು. ಹೇಜಲ್‌ಟನ್ ಹಳ್ಳಿಯ ಬಳಿ ಸುಮಾರು 5,700 ವರ್ಷಗಳ ಹಿಂದಿನ ಉದ್ದನೆಯ ಸಮಾಧಿ ದಿಬ್ಬವೊಂದನ್ನು 1979ರಿಂದ 1982ರವರೆಗೆ ಉತ್ಖನನ ಮಾಡಲಾಯಿತು. ಅಲ್ಲಿ ಸಿಕ್ಕ ಮೂಳೆಗಳ ಡಿಎನ್‌ಎ ಅಧ್ಯಯನ 2021ರಲ್ಲಿ ಪ್ರಕಟವಾಗಿ ವಿಜ್ಞಾನಲೋಕದ ಗಮನ ಸೆಳೆಯಿತು. ಪರೀಕ್ಷಿಸಿದ 35 ಜನರಲ್ಲಿ 27 ಮಂದಿ ಐದು ತಲೆಮಾರಿನ ಒಂದೇ ಕುಟುಂಬದವರು. ಒಬ್ಬ ಪುರುಷ ಮತ್ತು ನಾಲ್ವರು ಸ್ತ್ರೀಯರಿಂದ ಬೆಳೆದ ವಂಶ ಅದು. ಸಮಾಧಿಯ ಉತ್ತರ ಮತ್ತು ದಕ್ಷಿಣದ ಎರಡು ಕೋಣೆಗಳಲ್ಲಿ ಯಾರು ಎಲ್ಲಿ ಎಂಬುದು ಹೆಚ್ಚಾಗಿ ತಾಯಿಯ ಕವಲನ್ನು ಅನುಸರಿಸಿತ್ತು. ಪ್ರಪಂಚದಲ್ಲಿ ಈವರೆಗೆ ಪುನಾರಚಿಸಿದ ಅತ್ಯಂತ ಪ್ರಾಚೀನ ವಂಶವೃಕ್ಷಗಳಲ್ಲಿ ಇದೂ ಒಂದು.

ರೋಮನ್ನರ ಕಾಲದಲ್ಲಿ ಸೈರನ್‌ಸೆಸ್ಟರ್‌ಗೆ ಕೊರಿನಿಯಂ ಎಂದು ಹೆಸರು. ಫಾಸ್ ವೇ, ಅರ್ಮಿನ್ ಸ್ಟ್ರೀಟ್, ಏಕ್‌ಮನ್ ಸ್ಟ್ರೀಟ್ ಎಂಬ ಮೂರು ಹೆದ್ದಾರಿಗಳು ಕೂಡುವ ಈ ನಗರ ರೋಮನ್ ಬ್ರಿಟನ್ನಿನಲ್ಲಿ ಲಂಡನ್ನಿನ ನಂತರದ ಸ್ಥಾನದಲ್ಲಿತ್ತು. ಕೋಟೆಗೋಡೆಯೊಳಗಿನ ಪ್ರದೇಶ ಸುಮಾರು 240 ಎಕರೆ. ಊರ ಹೊರಗಿನ ಬಯಲು ರಂಗಮಂಟಪ ಈಗ ಹುಲ್ಲು ಬೆಳೆದ ಬಟ್ಟಲಿನಂತಿದೆ. ನಗರದಲ್ಲಿ ಸಿಕ್ಕ ಮೊಸಾಯಿಕ್ ನೆಲಹಾಸುಗಳು, ಶಿಲ್ಪಗಳು ಕೊರಿನಿಯಂ ವಸ್ತುಸಂಗ್ರಹಾಲಯದಲ್ಲಿವೆ. ಹುಲ್ಲು ಮೇಯುತ್ತಿರುವ ಮೊಲದ ಮೊಸಾಯಿಕ್ ಅವುಗಳಲ್ಲಿ ಹೆಸರಾದದ್ದು.

ಸೈರನ್‌ಸೆಸ್ಟರ್‌ನ ಉತ್ತರಕ್ಕೆ ಚೆಡ್‌ವರ್ತ್ ಕಾಡಿನ ನಡುವೆ 1864ರಲ್ಲಿ ಬೆಳಕಿಗೆ ಬಂದ ರೋಮನ್ ಮಹಲು 1924ರಿಂದ ಪರಂಪರೆಯ ತಾಣಗಳನ್ನು ಕಾಯುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಯ ವಶದಲ್ಲಿದೆ. ಅದರ ಊಟದ ಕೋಣೆಯ ನೆಲದಲ್ಲಿ ಋತುಗಳ ಚಿತ್ರಗಳಿವೆ. ಚಳಿಗಾಲವನ್ನು ಅಲ್ಲಿ ತಲೆಗೆ ಕುಲಾವಿ ಎಳೆದುಕೊಂಡ ಮನುಷ್ಯನಾಗಿ ತೋರಿಸಿದ್ದಾರೆ. ಅವನ ಒಂದು ಕೈಯಲ್ಲಿ ಬೇಟೆಯಾಡಿದ ಮೊಲ, ಇನ್ನೊಂದರಲ್ಲಿ ಎಲೆ ಉದುರಿದ ಕೊಂಬೆ. ಇಟಲಿಯಿಂದ ಬಂದ ಕಲೆಯೊಂದು ಇಂಗ್ಲೆಂಡಿನ ಚಳಿಗೆ ಹೊಂದಿಕೊಂಡ ಬಗೆ ಆ ಕುಲಾವಿಯಲ್ಲಿದೆ. ಇದೇ ಮಹಲಿನ ಇನ್ನೊಂದು ಮೊಸಾಯಿಕ್ 5ನೇ ಶತಮಾನದ್ದೆಂದು 2020ರಲ್ಲಿ ಪ್ರಕಟಿಸಲಾಯಿತು. ರೋಮನ್ ಆಡಳಿತ ಮುಗಿದೊಡನೆ ಬ್ರಿಟನ್ನಿನ ನಾಗರಿಕ ಜೀವನ ಕುಸಿದುಬಿತ್ತು ಎಂಬ ರೂಢಿಯ ತಿಳಿವಳಿಕೆಯನ್ನು ಇದು ತಿದ್ದಿತು.

ಮಧ್ಯಯುಗದಲ್ಲಿ ಈ ನಾಡಿನ ಸಿರಿ ಕುರಿಯ ಬೆನ್ನಮೇಲಿತ್ತು. ಕಾಟ್ಸ್‌ವೋಲ್ಡ್ ಲಯನ್ ಎಂದು ಕರೆಯುವ ಉದ್ದ ಕೂದಲಿನ ದೊಡ್ಡ ಕುರಿಯ ಉಣ್ಣೆಗೆ ಫ್ಲ್ಯಾಂಡರ್ಸ್ ಮತ್ತು ಇಟಲಿಯಲ್ಲಿ ಬೇಡಿಕೆ ಇತ್ತು. ಹಣ ಗಳಿಸಿದ ವರ್ತಕರು ತಮ್ಮ ಊರುಗಳಲ್ಲಿ ಚರ್ಚುಗಳನ್ನು ದೊಡ್ಡದಾಗಿ ಕಟ್ಟಿಸಿದರು. ಉಣ್ಣೆಯ ಚರ್ಚುಗಳೆಂದೇ ಅವು ಪ್ರಸಿದ್ಧ. ನಾರ್ತ್‌ಲೀಚ್ ಚರ್ಚಿನ ನೆಲದಲ್ಲಿ ವರ್ತಕರ ಹಿತ್ತಾಳೆಯ ಸಮಾಧಿಫಲಕಗಳಿವೆ. ರಾಜರ ಸಮಾಧಿಗಳಲ್ಲಿ ಪಾದದಡಿ ಸಿಂಹ ಮಲಗಿರುವುದು ವಾಡಿಕೆ. ಇಲ್ಲಿಯ ವರ್ತಕರು ಕುರಿಯ ಮೇಲೆ, ಉಣ್ಣೆಯ ಮೂಟೆಯ ಮೇಲೆ ಪಾದವಿಟ್ಟು ನಿಂತಿದ್ದಾರೆ. ಮೂಟೆಗೆ ಹೊಡೆಯುತ್ತಿದ್ದ ವ್ಯಾಪಾರದ ಗುರುತನ್ನೂ ಪಕ್ಕದಲ್ಲಿ ಕೆತ್ತಿಸಿಕೊಂಡಿದ್ದಾರೆ. ತಮಗೆ ಅನ್ನ ಕೊಟ್ಟ ಪ್ರಾಣಿಯನ್ನು ದೇವರ ಮನೆಯೊಳಕ್ಕೆ ಕರೆತಂದ ಆ ನಿಸ್ಸಂಕೋಚ ಮೆಚ್ಚುವಂಥದ್ದು.

ಫೇರ್‌ಫರ್ಡ್‌ನ ಸೇಂಟ್ ಮೇರಿ ಚರ್ಚನ್ನು ಉಣ್ಣೆ ವರ್ತಕ ಜಾನ್ ಟೇಮ್ ಮತ್ತು ಅವನ ಮಗ ಎಡ್ಮಂಡ್ ಹೊಸದಾಗಿ ಕಟ್ಟಿಸಿದರು. 16ನೇ ಶತಮಾನದ ಆರಂಭದ ಅದರ 28 ಬಣ್ಣಗಾಜಿನ ಕಿಟಕಿಗಳು ಇಂಗ್ಲೆಂಡಿನ ಪ್ಯಾರಿಷ್, ಅಂದರೆ ಊರಿನ, ಚರ್ಚೊಂದರಲ್ಲಿ ಪೂರ್ತಿಯಾಗಿ ಉಳಿದಿರುವ ಮಧ್ಯಯುಗದ ಏಕೈಕ ಗಾಜಿನ ಸರಣಿ. ಧರ್ಮಸುಧಾರಣೆಯ ಕಾಲದ ವಿಗ್ರಹಭಂಜನೆಯಿಂದಲೂ 17ನೇ ಶತಮಾನದ ಅಂತರ್ಯುದ್ಧದಿಂದಲೂ ಅವು ಪಾರಾದವು. 1703ರ ಬಿರುಗಾಳಿ ಪಶ್ಚಿಮದ ಕಿಟಕಿಗಳಿಗೆ ಹಾನಿ ಮಾಡಿತು. ಎರಡನೆಯ ಮಹಾಯುದ್ಧದಲ್ಲಿ ಗಾಜುಗಳನ್ನು ಬಿಚ್ಚಿ ಜೋಪಾನವಾಗಿ ಇಟ್ಟಿದ್ದು ಆಮೇಲೆ ಮತ್ತೆ ಕೂಡಿಸಿದರು.

ಉಣ್ಣೆಯ ವ್ಯಾಪಾರ ಇಳಿದು, ನೇಯ್ಗೆ ನೀರಿನ ಬಲವಿದ್ದ ಸ್ಟ್ರೌಡ್ ಕಣಿವೆಗೂ ಆಮೇಲೆ ಉತ್ತರ ಇಂಗ್ಲೆಂಡಿಗೂ ಸರಿದಾಗ ಕಾಟ್ಸ್‌ವೋಲ್ಡ್ ಬಡವಾಯಿತು. 1789ರಲ್ಲಿ ತೆರೆದ ಥೇಮ್ಸ್-ಸೆವರ್ನ್ ಕಾಲುವೆ ಸ್ಯಾಪರ್ಟನ್ ಬೆಟ್ಟವನ್ನು ಸುಮಾರು ಮೂರೂವರೆ ಕಿ.ಮೀ. ಉದ್ದದ ಸುರಂಗದಲ್ಲಿ ದಾಟಿತು. ಒಳಗೆ ದೋಣಿ ಎಳೆಯುವ ಕುದುರೆಗೆ ದಾರಿಯಿರಲಿಲ್ಲ. ದೋಣಿಯವರು ಅಂಗಾತ ಮಲಗಿ ಸುರಂಗದ ಗೋಡೆಯನ್ನು ಕಾಲಿನಿಂದ ಒದ್ದು ಒದ್ದು ದೋಣಿ ಸಾಗಿಸುತ್ತಿದ್ದರು. ಈ ಕಾಲುವೆಯಿಂದಾಗಲಿ, ಮುಂದೆ ಬಂದ ರೈಲಿನಿಂದಾಗಲಿ ಇಲ್ಲಿ ದೊಡ್ಡ ಕೈಗಾರಿಕೆ ಬೆಳೆಯಲಿಲ್ಲ. ಹಳೆಯದನ್ನು ಕೆಡವಿ ಹೊಸದು ಕಟ್ಟುವಷ್ಟು ಹಣ ಜನರ ಕೈಯಲ್ಲಿರಲಿಲ್ಲ. ಹಳ್ಳಿಗಳು ಹಾಗೆಯೇ ಉಳಿದುಕೊಳ್ಳಲು ಮೊದಲ ಕಾರಣ ಆ ಬಡತನ. ಅವುಗಳನ್ನು ಬೇಕೆಂದು ಉಳಿಸಿಕೊಳ್ಳುವ ಪ್ರಯತ್ನ ಶುರುವಾದದ್ದು ಆಮೇಲೆ.

ಆಡಳಿತದ ಬೆಳವಣಿಗೆ

ಸ್ವಂತ ಆಡಳಿತಕ್ಕಾಗಿ ಸೈರನ್‌ಸೆಸ್ಟರ್ ನಡೆಸಿದ ಹೋರಾಟ ದೀರ್ಘವಾದದ್ದು. 1117ರಲ್ಲಿ ಒಂದನೆಯ ಹೆನ್ರಿ ಸ್ಥಾಪಿಸಿದ ಅಗಸ್ಟೀನಿಯನ್ ಮಠವೇ ಊರಿನ ಒಡೆಯನೂ ಆಗಿತ್ತು. ಸಂತೆಯ ಸುಂಕ, ನ್ಯಾಯ, ಹಿಟ್ಟಿನ ಗಿರಣಿ ಎಲ್ಲದರಲ್ಲಿಯೂ ಮಠದ ಹಿಡಿತವಿತ್ತು. 1400ರಲ್ಲಿ ನಾಲ್ಕನೆಯ ಹೆನ್ರಿಯ ವಿರುದ್ಧ ದಂಗೆಯೆದ್ದ ಸರದಾರರನ್ನು ಊರಿನವರೇ ಹಿಡಿದರು. ಮೆಚ್ಚಿದ ರಾಜ ವರ್ತಕರಿಗೆ ಸಂಘದ ಹಕ್ಕು ಕೊಟ್ಟ. ಆದರೆ ಮಠದ ವಿರೋಧದಿಂದ ಆ ಹಕ್ಕು ಹೆಚ್ಚು ಕಾಲ ಉಳಿಯಲಿಲ್ಲ. 1539ರಲ್ಲಿ ಮಠ ವಿಸರ್ಜನೆಯಾಯಿತು. ಮಠ ಸುಮಾರು 1490ರಲ್ಲಿ ತನ್ನ ಕಚೇರಿಗೆಂದು ಸೇಂಟ್ ಜಾನ್ ಬ್ಯಾಪ್ಟಿಸ್ಟ್ ಚರ್ಚಿನ ಮುಂದೆ ಕಟ್ಟಿಸಿದ ಮೂರಂತಸ್ತಿನ ಮುಖಮಂಟಪ ಮುಂದೆ ಪುರಭವನವಾಯಿತು. ಒಡೆಯರ ಕಚೇರಿ ಊರಿನ ಕಚೇರಿಯಾಗಿ ಬದಲಾದುದಕ್ಕೆ ಮಾರುಕಟ್ಟೆ ಬೀದಿಯಲ್ಲಿ ನಿಂತ ಆ ಮಂಟಪವೇ ಸಾಕ್ಷಿ.

ಹಳ್ಳಿಗಳಲ್ಲಿ ಚರ್ಚಿನ ಪ್ಯಾರಿಷ್ ಸಭೆಯೇ ಬಡವರ ಪೋಷಣೆ, ರಸ್ತೆ ದುರಸ್ತಿ ನೋಡಿಕೊಳ್ಳುತ್ತಿತ್ತು. 1834ರ ಬಡವರ ಕಾಯಿದೆ ಪ್ಯಾರಿಷ್‌ಗಳನ್ನು ಒಕ್ಕೂಟಗಳಾಗಿ ಸೇರಿಸಿ ದುಡಿಮೆಮನೆಗಳನ್ನು ಕಟ್ಟಿಸಿತು. ಗತಿಯಿಲ್ಲದವರು ಕುಟುಂಬದಿಂದ ಬೇರ್ಪಟ್ಟು ಅಲ್ಲಿ ಕಠಿಣ ದುಡಿಮೆ ಮಾಡಬೇಕಿತ್ತು. ಸೈರನ್‌ಸೆಸ್ಟರ್‌ನ ದುಡಿಮೆಮನೆಯ ಕಟ್ಟಡ ಈಗ ಡಿಸ್ಟ್ರಿಕ್ಟ್ ಕೌನ್ಸಿಲಿನ ಕಚೇರಿಗಳ ಭಾಗ. 1889ರಲ್ಲಿ ಚುನಾಯಿತ ಕೌಂಟಿ ಕೌನ್ಸಿಲ್ ಬಂತು. 1894ರ ಕಾಯಿದೆ ನಗರ ಡಿಸ್ಟ್ರಿಕ್ಟ್, ಗ್ರಾಮೀಣ ಡಿಸ್ಟ್ರಿಕ್ಟ್, ಪ್ಯಾರಿಷ್ ಕೌನ್ಸಿಲ್‌ಗಳನ್ನು ರಚಿಸಿ ಹಳ್ಳಿಯ ಆಡಳಿತವನ್ನು ಪಾದ್ರಿ ಮತ್ತು ಜಮೀನ್ದಾರರ ಕೈಯಿಂದ ಮತದಾರರ ಕೈಗೆ ತಂದಿತು.

ಇಂದಿನ ಡಿಸ್ಟ್ರಿಕ್ಟ್ ಹುಟ್ಟಿದ್ದು 1974ರ ಏಪ್ರಿಲ್ 1ರಂದು. 1972ರ ಸ್ಥಳೀಯ ಸರ್ಕಾರ ಕಾಯಿದೆಯಂತೆ ಸೈರನ್‌ಸೆಸ್ಟರ್ ನಗರ ಡಿಸ್ಟ್ರಿಕ್ಟ್ ಮತ್ತು ಸೈರನ್‌ಸೆಸ್ಟರ್, ನಾರ್ತ್ ಕಾಟ್ಸ್‌ವೋಲ್ಡ್, ನಾರ್ತ್‌ಲೀಚ್, ಟೆಟ್ಬರಿ ಗ್ರಾಮೀಣ ಡಿಸ್ಟ್ರಿಕ್ಟ್‌ಗಳು ಒಂದಾದವು.

ಮೂರು ಹಂತಗಳು

ಈಗಿನ ವ್ಯವಸ್ಥೆಯಲ್ಲಿ ಮೂರು ಹಂತಗಳಿವೆ. ಶಾಲೆ, ಹೆದ್ದಾರಿ, ಗ್ರಂಥಾಲಯ, ವೃದ್ಧರ ಮತ್ತು ಮಕ್ಕಳ ಆರೈಕೆ ಗ್ಲಾಸ್ಟರ್‌ಶೈರ್ ಕೌಂಟಿ ಕೌನ್ಸಿಲಿನ ಹೊಣೆ. ಕಟ್ಟಡ ಪರವಾನಗಿ, ವಸತಿ, ಕಸ ಸಂಗ್ರಹ, ಆಹಾರ ಸುರಕ್ಷತೆ, ಲೈಸೆನ್ಸು, ಚುನಾವಣೆ ನಿರ್ವಹಣೆ ಡಿಸ್ಟ್ರಿಕ್ಟ್ ಕೌನ್ಸಿಲಿನದು. ಸ್ಮಶಾನ, ಆಟದ ಮೈದಾನ, ಬಸ್ ತಂಗುದಾಣ, ತರಕಾರಿ ಬೆಳೆಯಲು ಕೊಡುವ ತುಂಡು ಭೂಮಿ ಮುಂತಾದವನ್ನು ಪಟ್ಟಣ ಹಾಗೂ ಪ್ಯಾರಿಷ್ ಕೌನ್ಸಿಲ್‌ಗಳು ನೋಡಿಕೊಳ್ಳುತ್ತವೆ. ಇಂಥ ಪ್ಯಾರಿಷ್‌ಗಳು ಡಿಸ್ಟ್ರಿಕ್ಟಿನಲ್ಲಿ ನೂರಕ್ಕೂ ಹೆಚ್ಚು. ತೀರ ಚಿಕ್ಕ ಹಳ್ಳಿಗಳಲ್ಲಿ ಕೌನ್ಸಿಲೂ ಇರುವುದಿಲ್ಲ. ಮತದಾರರೆಲ್ಲ ಒಟ್ಟುಗೂಡಿದ ಪ್ಯಾರಿಷ್ ಸಭೆಯೇ ತೀರ್ಮಾನಿಸುತ್ತದೆ.

ಮನೆಗಳ ಮೇಲಿನ ಕೌನ್ಸಿಲ್ ತೆರಿಗೆಯನ್ನು ವಸೂಲಿ ಮಾಡುವುದು ಡಿಸ್ಟ್ರಿಕ್ಟ್. ಆದರೆ ಅದರ ದೊಡ್ಡ ಪಾಲು ಕೌಂಟಿಗೆ ಹೋಗುತ್ತದೆ. ಪೊಲೀಸು, ಡಿಸ್ಟ್ರಿಕ್ಟ್, ಪ್ಯಾರಿಷ್‌ಗಳಿಗೆ ಉಳಿದದ್ದು ಹಂಚಿಕೆಯಾಗುತ್ತದೆ. ಡಿಸ್ಟ್ರಿಕ್ಟ್ ಕೌನ್ಸಿಲಿನಲ್ಲಿ 34 ಸದಸ್ಯರಿದ್ದು ನಾಲ್ಕು ವರ್ಷಕ್ಕೊಮ್ಮೆ ಎಲ್ಲ ಸ್ಥಾನಗಳಿಗೂ ಒಟ್ಟಿಗೇ ಚುನಾವಣೆ ನಡೆಯುತ್ತದೆ. ಬಹುಕಾಲ ಕನ್ಸರ್ವೇಟಿವ್ ಪಕ್ಷದ ಹಿಡಿತದಲ್ಲಿದ್ದ ಕೌನ್ಸಿಲ್ 2019ರಲ್ಲಿ ಲಿಬರಲ್ ಡೆಮಾಕ್ರಾಟರ ಕೈಗೆ ಬಂತು. 2023ರಲ್ಲಿಯೂ ಅವರೇ ಗೆದ್ದರು. ಸಂಸತ್ತಿನ ಮಟ್ಟದಲ್ಲಿ 2024ರಿಂದ ಉತ್ತರ ಕಾಟ್ಸ್‌ವೋಲ್ಡ್ಸ್ ಮತ್ತು ದಕ್ಷಿಣ ಕಾಟ್ಸ್‌ವೋಲ್ಡ್ಸ್ ಎಂಬ ಎರಡು ಕ್ಷೇತ್ರಗಳಿವೆ.

ಸಣ್ಣ ಕೌನ್ಸಿಲ್‌ಗೆ ಎಲ್ಲ ಕೆಲಸವನ್ನೂ ಒಂಟಿಯಾಗಿ ನಡೆಸುವುದು ದುಬಾರಿ. ಅದಕ್ಕಾಗಿ ಕಾಟ್ಸ್‌ವೋಲ್ಡ್ ನೆರೆಯ ಕೌನ್ಸಿಲ್‌ಗಳ ಜೊತೆ ಕೈಜೋಡಿಸಿತು. ಕಸ ಸಂಗ್ರಹಕ್ಕೆ ಚೆಲ್ಟೆನ್‌ಹ್ಯಾಮ್ ಜೊತೆ ಸೇರಿ 2012ರಲ್ಲಿ ಉಬಿಕೊ ಎಂಬ ಕಂಪನಿಯನ್ನು ಆರಂಭಿಸಿತು. ಕಚೇರಿ ಸೇವೆಗಳಿಗೆ 2017ರಲ್ಲಿ ಪಬ್ಲಿಕಾ ಎಂಬ ಇನ್ನೊಂದು ಕಂಪನಿ ಬಂತು. ಎರಡೂ ಕೌನ್ಸಿಲ್‌ಗಳದೇ ಒಡೆತನದವು. ಪಬ್ಲಿಕಾಗೆ ವಹಿಸಿದ್ದ ಹಲವು ಸೇವೆಗಳನ್ನು 2024ರ ನಂತರ ಕೌನ್ಸಿಲ್ ಮತ್ತೆ ತನ್ನ ಕೈಗೆ ತೆಗೆದುಕೊಂಡಿದೆ.

ಪರಂಪರೆಯ ರಕ್ಷಣೆ ನಡೆಯುವ ಬಗೆ

ಇಂಗ್ಲೆಂಡಿನಲ್ಲಿ ಕಟ್ಟಡಗಳನ್ನು ಪಟ್ಟಿಗೆ ಸೇರಿಸುವ ಕ್ರಮ 1940ರ ದಶಕದ ಯೋಜನಾ ಕಾಯಿದೆಗಳಿಂದ ಬಂದದ್ದು. ಪಟ್ಟಿಯಲ್ಲಿ ಮೂರು ದರ್ಜೆಗಳಿವೆ: ಒಂದನೆಯದು, ತಾರೆ ಗುರುತಿನ ಎರಡನೆಯದು, ಎರಡನೆಯದು. ಹಿಸ್ಟಾರಿಕ್ ಇಂಗ್ಲೆಂಡ್ ಸಂಸ್ಥೆಯ ಸಲಹೆಯಂತೆ ಕೇಂದ್ರ ಸರ್ಕಾರ ಪಟ್ಟಿ ಮಾಡುತ್ತದೆ. ದಿನನಿತ್ಯದ ಕಾವಲು ಡಿಸ್ಟ್ರಿಕ್ಟ್ ಕೌನ್ಸಿಲಿನದು. ಒಂಟಿ ಕಟ್ಟಡವನ್ನು ಮಾತ್ರ ಉಳಿಸಿ ಸುತ್ತಲಿನ ಬೀದಿಯನ್ನು ಕೆಡಿಸಿದರೆ ಪ್ರಯೋಜನವಿಲ್ಲವೆಂದು ಕಂಡುಕೊಂಡ ಮೇಲೆ 1967ರ ಕಾಯಿದೆ ಸಂರಕ್ಷಣಾ ವಲಯಗಳನ್ನು ತಂದಿತು. ಇಡೀ ಹಳ್ಳಿ, ಅದರ ಮರಗಳು, ಕಲ್ಲುಗೋಡೆಗಳು, ಹಸಿರು ಬಯಲು ಒಂದೇ ಘಟಕವಾಗಿ ರಕ್ಷಣೆ ಪಡೆದವು.

ಈ ವ್ಯವಸ್ಥೆ ಕೆಲಸ ಮಾಡುವ ರೀತಿಯನ್ನು ಒಂದು ಕಿಟಕಿಯಿಂದಲೇ ತಿಳಿಯಬಹುದು. ಪಟ್ಟಿಯಲ್ಲಿರುವ ಮನೆಯ ಮಾಲೀಕರು ಹಳೆಯ ಮರದ ಕಿಟಕಿ ತೆಗೆದು ಹೊಸದು ಕೂಡಿಸಬೇಕೆಂದಿದ್ದಾರೆ ಎನ್ನೋಣ. ಕಟ್ಟಡದ ಸ್ವರೂಪಕ್ಕೆ ತಗಲುವ ಯಾವ ಬದಲಾವಣೆಗಾದರೂ, ಒಳಗಾಗಲಿ ಹೊರಗಾಗಲಿ, ಕೌನ್ಸಿಲಿನ ಒಪ್ಪಿಗೆ ಬೇಕು. ಈ ಅರ್ಜಿಗೆ ಶುಲ್ಕವಿಲ್ಲ. ನಕ್ಷೆಯ ಜೊತೆಗೆ ಕಟ್ಟಡದ ಮಹತ್ವವನ್ನೂ ಬದಲಾವಣೆಯ ಅಗತ್ಯವನ್ನೂ ವಿವರಿಸಿ ಬರೆದುಕೊಡಬೇಕು. ಊರಿನವರು ನೋಡುವಂತೆ ನೋಟಿಸು ಅಂಟಿಸುತ್ತಾರೆ. ಪ್ಯಾರಿಷ್ ಕೌನ್ಸಿಲ್ ತನ್ನ ಸಭೆಯಲ್ಲಿ ಚರ್ಚಿಸಿ ಅಭಿಪ್ರಾಯ ಕಳಿಸುತ್ತದೆ. ಸಂರಕ್ಷಣಾ ಅಧಿಕಾರಿ ಸ್ಥಳಕ್ಕೆ ಬಂದು ಮರದ ಜೋಡಣೆ, ಗಾಜಿನ ದಪ್ಪ ಪರಿಶೀಲಿಸುತ್ತಾರೆ. ದುರಸ್ತಿಯಾಗುವಂತಿದ್ದರೆ ಬದಲಿಸಲು ಬಿಡುವುದು ಅಪರೂಪ. ಒಪ್ಪಿಗೆಯಿಲ್ಲದೆ ಕೆಲಸ ಮಾಡಿಸಿದರೆ ಅದು ಕ್ರಿಮಿನಲ್ ಅಪರಾಧ. ಇಂಥ ಸಾವಿರಾರು ಪುಟ್ಟ ತೀರ್ಮಾನಗಳು ವರ್ಷದಿಂದ ವರ್ಷಕ್ಕೆ ಸೇರಿ ಆ ಬೀದಿಗಳ ಇಂದಿನ ರೂಪವಾಗಿವೆ.

ನೆಲದ ರಕ್ಷಣೆಗೆ ಬೇರೆ ಏರ್ಪಾಡಿದೆ. ಕಾಟ್ಸ್‌ವೋಲ್ಡ್ಸ್ ಬೆಟ್ಟಸೀಮೆಯನ್ನು 1966ರಲ್ಲಿ ವಿಶಿಷ್ಟ ನಿಸರ್ಗ ಸೌಂದರ್ಯದ ಪ್ರದೇಶವೆಂದು ಘೋಷಿಸಲಾಯಿತು. 1990ರಲ್ಲಿ ಅದರ ಎಲ್ಲೆ ಹಿಗ್ಗಿತು. 2,038 ಚ.ಕಿ.ಮೀ. ಹರಡಿರುವ ಈ ಪ್ರದೇಶ ಆ ಬಗೆಯವುಗಳಲ್ಲಿ ಅತಿ ದೊಡ್ಡದು. 2023ರಿಂದ ಇದನ್ನು ರಾಷ್ಟ್ರೀಯ ಭೂದೃಶ್ಯ ಎನ್ನುತ್ತಾರೆ. ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಹೊಲದ ಗೋಡೆಗಳು ಇದರ ಮುಖ್ಯ ಲಕ್ಷಣ. ಅವುಗಳಲ್ಲಿ ಹೆಚ್ಚಿನವು 18 ಮತ್ತು 19ನೇ ಶತಮಾನಗಳಲ್ಲಿ ಸಾಮೂಹಿಕ ಭೂಮಿಯನ್ನು ಹಂಚಿ ಬೇಲಿ ಹಾಕಿದಾಗ ಎದ್ದವು. ಇಂದು ನೋಡಲು ಚೆನ್ನಾಗಿರುವ ಆ ಗೋಡೆಗಳು ಗೋಮಾಳವನ್ನು ಕಳೆದುಕೊಂಡ ಬಡ ರೈತರ ಚರಿತ್ರೆಯನ್ನೂ ಹೇಳುತ್ತವೆ.

ಜನರೇ ಉಳಿಸಿದ ತಾಣಗಳು

ಕಾಯಿದೆಗಳು ಬರುವ ಮೊದಲೇ ಊರಿನವರು ಎದ್ದುನಿಂತ ಉದಾಹರಣೆಗಳು ಚಿಪ್ಪಿಂಗ್ ಕ್ಯಾಂಪ್ಡನ್‌ನಲ್ಲಿ ಹೆಚ್ಚು. ಅಲ್ಲಿಯ ಮಾರುಕಟ್ಟೆ ಮಂಟಪವನ್ನು 1627ರಲ್ಲಿ ಸರ್ ಬ್ಯಾಪ್ಟಿಸ್ಟ್ ಹಿಕ್ಸ್ ಕಟ್ಟಿಸಿದ. ಸುತ್ತ ಕಲ್ಲಿನ ಕಮಾನುಗಳು, ಮೇಲೆ ಮರದ ತೊಲೆಗಳ ಮಾಡು, ಕೆಳಗೆ ಸವೆದು ಏರುತಗ್ಗಾದ ಕಲ್ಲುಹಾಸು. ಬೆಣ್ಣೆ, ಗಿಣ್ಣು, ಕೋಳಿ ಮಾರುವವರಿಗೆ ಮಳೆಯಿಂದ ಆಸರೆಯಾಗಲೆಂದು ಕಟ್ಟಿದ್ದು. 1940ರ ದಶಕದಲ್ಲಿ ಇದನ್ನು ಅಮೆರಿಕಕ್ಕೆ ಮಾರುವ ಮಾತು ಬಂದಾಗ ಊರಿನವರು ಹಣ ಕೂಡಿಸಿ ಕೊಂಡುಕೊಂಡು ನ್ಯಾಷನಲ್ ಟ್ರಸ್ಟ್‌ಗೆ ಒಪ್ಪಿಸಿದರು. ಊರ ಪಕ್ಕದ ಡೋವರ್ಸ್ ಹಿಲ್ ಗುಡ್ಡವನ್ನು 1920ರ ದಶಕದಲ್ಲಿ ಉಳಿಸಿಕೊಂಡದ್ದರಲ್ಲಿ ಕಲಾವಿದ ಎಫ್. ಎಲ್. ಗ್ರಿಗ್ಸ್ ಅವರ ಪಾತ್ರ ಹಿರಿದು. 1612ರ ಸುಮಾರಿಗೆ ರಾಬರ್ಟ್ ಡೋವರ್ ಆರಂಭಿಸಿದ ಕಾಟ್ಸ್‌ವೋಲ್ಡ್ ಒಲಿಂಪಿಕ್ ಆಟಗಳು ನಡೆಯುವುದು ಆ ಗುಡ್ಡದ ಮೇಲೆಯೇ. 1852ರಲ್ಲಿ ನಿಂತುಹೋಗಿದ್ದ ಆಟಗಳು 1951ರಲ್ಲಿ ಮತ್ತೆ ಶುರುವಾದವು. ಒಬ್ಬರ ಮೊಣಕಾಲ ಕೆಳಗಿನ ಮೂಳೆಗೆ ಇನ್ನೊಬ್ಬರು ಒದ್ದು ನೆಲಕ್ಕೆ ಬೀಳಿಸುವ ಸ್ಪರ್ಧೆ ಅಲ್ಲಿಯ ವಿಶೇಷ; ಆಡುವವರು ಪ್ಯಾಂಟಿನೊಳಗೆ ಒಣಹುಲ್ಲು ತುಂಬಿಕೊಳ್ಳುತ್ತಾರೆ.

ಕೋಲ್ನ್ ನದಿಯ ದಂಡೆಯ ಬೈಬರಿ ಹಳ್ಳಿಯನ್ನು ವಿಲಿಯಂ ಮಾರಿಸ್ ಇಂಗ್ಲೆಂಡಿನ ಅತಿ ಸುಂದರ ಹಳ್ಳಿಯೆಂದು ಬಣ್ಣಿಸಿದ್ದರು. 1877ರಲ್ಲಿ ಪ್ರಾಚೀನ ಕಟ್ಟಡಗಳ ರಕ್ಷಣಾ ಸಂಘವನ್ನು ಸ್ಥಾಪಿಸಿ, ಹಳೆಯದನ್ನು ಹೊಸದಾಗಿ ಮಾಡುವ ಉತ್ಸಾಹಕ್ಕಿಂತ ಸಕಾಲದ ದುರಸ್ತಿಯೇ ಮೇಲು ಎಂಬ ತತ್ವವನ್ನು ನೆಲೆಗೊಳಿಸಿದವರು ಅವರು. ಬೈಬರಿಯ ಆರ್ಲಿಂಗ್ಟನ್ ರೋ ಎಂಬ ಮನೆಸಾಲು 14ನೇ ಶತಮಾನದಲ್ಲಿ ಮಠದ ಉಣ್ಣೆಯ ಉಗ್ರಾಣವಾಗಿ ಕಟ್ಟಿದ್ದು. 17ನೇ ಶತಮಾನದಲ್ಲಿ ನೇಕಾರರ ಮನೆಗಳಾಯಿತು. ಮುಂದಿನ ಜವುಗು ಹುಲ್ಲುಗಾವಲಿನಲ್ಲಿ ಬಟ್ಟೆಯನ್ನು ಎಳೆದು ಒಣಗಿಸುತ್ತಿದ್ದರು. ಮಾರಿಸ್ ಅವರ ಹಾದಿಯಲ್ಲಿ ಸಾಗಿದ ಅರ್ನೆಸ್ಟ್ ಗಿಮ್ಸನ್ ಮತ್ತು ಬಾರ್ನ್ಸ್‌ಲೀ ಸಹೋದರರು ಸ್ಯಾಪರ್ಟನ್‌ನಲ್ಲಿ ಮರಗೆಲಸದ ಕಾರ್ಯಾಗಾರ ತೆರೆದರು. ಸಿ. ಆರ್. ಆಶ್ಬಿ 1902ರಲ್ಲಿ ತಮ್ಮ ಕುಶಲಕರ್ಮಿಗಳ ಸಂಘವನ್ನು ಲಂಡನ್ನಿನಿಂದ ಕ್ಯಾಂಪ್ಡನ್‌ಗೆ ತಂದರು. ಆರೇ ವರ್ಷದಲ್ಲಿ ಸಂಘ ಮುಚ್ಚಿತು. ಅದರಿಂದ ಬೆಳೆದ ಹಾರ್ಟ್ ಕುಟುಂಬದ ಬೆಳ್ಳಿ ಕೆಲಸ ಹಳೆಯ ರೇಷ್ಮೆ ಗಿರಣಿಯಲ್ಲಿ ತಲೆಮಾರುಗಳಿಂದ ನಡೆದುಬಂದಿದೆ.

ಭಾರತದ ನಂಟು

ಆಶ್ಬಿ ಅವರ ಬಳಗ ಭಾರತೀಯ ಕಲಾವಿಮರ್ಶೆಯ ಚರಿತ್ರೆಯಲ್ಲಿಯೂ ಸೇರಿದೆ. ಕ್ಯಾಂಪ್ಡನ್ ಪಕ್ಕದ ಬ್ರಾಡ್ ಕ್ಯಾಂಪ್ಡನ್ ಹಳ್ಳಿಯಲ್ಲಿ ಪಾಳುಬಿದ್ದಿದ್ದ ನಾರ್ಮನ್ ಕಾಲದ ಪ್ರಾರ್ಥನಾಲಯವನ್ನು ಆಶ್ಬಿ ಮನೆಯಾಗಿ ಪರಿವರ್ತಿಸಿಕೊಟ್ಟದ್ದು ಕಲಾವಿಮರ್ಶಕ ಆನಂದ ಕುಮಾರಸ್ವಾಮಿಯವರಿಗೆ. ಮಧ್ಯಯುಗದ ಸಿಂಹಳೀಯ ಕಲೆಯನ್ನು ಕುರಿತ ಅವರ ಹೊತ್ತಗೆ 1908ರಲ್ಲಿ ಹೊರಬಂದದ್ದು ಆ ಮನೆಯಲ್ಲಿಟ್ಟಿದ್ದ ಮುದ್ರಣ ಯಂತ್ರದಿಂದ. ಅದಕ್ಕೆ ಮೊದಲು ವಿಲಿಯಂ ಮಾರಿಸ್ ಅವರ ಕೆಲ್ಮ್‌ಸ್ಕಾಟ್ ಮುದ್ರಣಾಲಯದಲ್ಲಿದ್ದ ಯಂತ್ರ ಅದು.

ಇನ್ನೊಂದು ನಂಟು ಈಸ್ಟ್ ಇಂಡಿಯಾ ಕಂಪನಿಯ ಹಣದ್ದು. ಎರಡನೆಯ ಮೈಸೂರು ಯುದ್ಧದಲ್ಲಿ ಹೈದರಾಲಿಯ ಎದುರಾಳಿ ಪಕ್ಷದ ಗವರ್ನರ್ ಜನರಲ್ ಆಗಿದ್ದ ವಾರನ್ ಹೇಸ್ಟಿಂಗ್ಸ್, ತನ್ನ ವಂಶ ಕಳೆದುಕೊಂಡಿದ್ದ ಡೇಲ್ಸ್‌ಫರ್ಡ್ ಜಮೀನನ್ನು 1788ರಲ್ಲಿ ಮರಳಿ ಕೊಂಡು ಮಹಲು ಕಟ್ಟಿಸಿದ. 1818ರಲ್ಲಿ ಸತ್ತು ಅಲ್ಲಿಯ ಚರ್ಚಿನ ಆವರಣದಲ್ಲಿಯೇ ಸಮಾಧಿಯಾದ. ಆ ಮಹಲಿನ ವಾಸ್ತುಶಿಲ್ಪಿ ಸ್ಯಾಮ್ಯುಯೆಲ್ ಪೀಪ್ಸ್ ಕಾಕರೆಲ್ ಮುಂದೆ ಕಂಪನಿಯ ಸೇವೆಯಲ್ಲಿ ಹಣ ಮಾಡಿದ್ದ ತನ್ನ ತಮ್ಮ ಚಾರ್ಲ್ಸ್‌ಗಾಗಿ ಮೋರ್ಟನ್ ಸಮೀಪದ ಸೀಸಿನ್‌ಕೋಟ್‌ನಲ್ಲಿ 1805ರ ಸುಮಾರಿಗೆ ಮೊಗಲ್ ಶೈಲಿಯ ಮನೆ ಕಟ್ಟಿದ. ಈರುಳ್ಳಿಯಾಕಾರದ ತಾಮ್ರದ ಹಸಿರು ಗುಮ್ಮಟ, ಮೂಲೆಗಳಲ್ಲಿ ಛತ್ರಿಗಳು, ಮುಂಚಾಚಿದ ಅಗಲ ಛಜ್ಜಾ. ತೋಟದಲ್ಲಿ ಸೂರ್ಯನ ಗುಡಿ, ಸೇತುವೆಯ ಮೇಲೆ ಸಾಲಾಗಿ ಕುಳಿತ ನಂದಿಗಳು. ಭಾರತದ ಕಟ್ಟಡಗಳನ್ನು ಚಿತ್ರಿಸಿದ್ದ ಥಾಮಸ್ ಡೇನಿಯಲ್ ಇದಕ್ಕೆ ನೆರವಾದ. ಈ ಮನೆಯನ್ನು ನೋಡಿ ಹೋದ ಬ್ರಿಟನ್ನಿನ ಯುವರಾಜ ಮುಂದೆ ಬ್ರೈಟನ್ನಿನ ತನ್ನ ಅರಮನೆಗೂ ಭಾರತೀಯ ರೂಪ ಕೊಡಿಸಿದ. ಬಂಗಾಳದ ಕಂದಾಯ ಕಾಟ್ಸ್‌ವೋಲ್ಡ್ ಬೆಟ್ಟದಲ್ಲಿ ಗುಮ್ಮಟವಾಗಿ ಎದ್ದ ಕಥೆಯನ್ನು ಆ ಚೆಲುವಿನ ಜೊತೆಗೇ ನೆನೆಯಬೇಕು.

ಇಂದಿನ ಸವಾಲುಗಳು

ಹೆಸರು ಹಬ್ಬಿದ್ದೇ ಈಗ ಇಲ್ಲಿಯ ಕಷ್ಟ. ಬೈಬರಿ, ಬೋರ್ಟನ್-ಆನ್-ದ-ವಾಟರ್‌ನಂಥ ಊರುಗಳ ಕಿರಿದಾದ ಬೀದಿಗಳಿಗೆ ಪ್ರವಾಸಿ ಬಸ್ಸುಗಳು ನುಗ್ಗುತ್ತವೆ. ಲಂಡನ್ನಿನ ಸಿರಿವಂತರು ಎರಡನೆಯ ಮನೆಗಾಗಿ ಕೊಡುವ ಬೆಲೆಯನ್ನು ಅಲ್ಲಿಯೇ ಹುಟ್ಟಿ ಬೆಳೆದ ಶಿಕ್ಷಕಿಯಾಗಲಿ ಕೃಷಿ ಕಾರ್ಮಿಕನಾಗಲಿ ಕೊಡಲಾರರು. ಇಡೀ ಡಿಸ್ಟ್ರಿಕ್ಟಿನಲ್ಲಿ ಉಳಿದಿರುವ ರೈಲು ನಿಲ್ದಾಣಗಳು ಕೆಂಬಲ್ ಮತ್ತು ಮೋರ್ಟನ್ ಎರಡೇ. ಎಡ್ವರ್ಡ್ ಥಾಮಸ್ ಕವಿತೆಯಿಂದ ಪ್ರಸಿದ್ಧವಾದ ಆಡ್ಲ್‌ಸ್ಟ್ರಾಪ್ ನಿಲ್ದಾಣ 1966ರಲ್ಲಿ ಮುಚ್ಚಿತು. ಅದರ ನಾಮಫಲಕ ಈಗ ಹಳ್ಳಿಯ ಬಸ್ ತಂಗುದಾಣದಲ್ಲಿದೆ. ಕೇಂದ್ರ ಸರ್ಕಾರ 2024ರ ಕೊನೆಯಲ್ಲಿ ಹೊಸ ಮನೆಗಳ ವಾರ್ಷಿಕ ಗುರಿಯನ್ನು ಎರಡು ಪಟ್ಟಿಗಿಂತಲೂ ಹೆಚ್ಚಿಸಿತು. ಐದರಲ್ಲಿ ನಾಲ್ಕು ಪಾಲು ರಕ್ಷಿತ ನೆಲವಿರುವಲ್ಲಿ ಅವುಗಳನ್ನು ಎಲ್ಲಿ ಕಟ್ಟಬೇಕೆಂಬುದು ಕೌನ್ಸಿಲಿನ ಮುಂದಿರುವ ದೊಡ್ಡ ಪ್ರಶ್ನೆ. ಸೈರನ್‌ಸೆಸ್ಟರ್ ದಕ್ಷಿಣಕ್ಕೆ ಚೆಸ್ಟರ್ಟನ್‌ನಲ್ಲಿ 2,350 ಮನೆಗಳ ಬಡಾವಣೆಗೆ ಈಗಾಗಲೇ ಅನುಮತಿ ದೊರೆತಿದೆ. ಹಳೆಯ ಕಲ್ಲುಮನೆಗಳನ್ನು ಕೆಡಿಸದೆ ಬೆಚ್ಚಗಿಡುವುದು, ಇಂಗಾಲದ ಹೊರಸೂಸುವಿಕೆ ತಗ್ಗಿಸುವುದು ಇನ್ನೊಂದು ಸವಾಲು. ಇದಕ್ಕಾಗಿ ಕೌನ್ಸಿಲ್ ನೆರೆಯವರ ಜೊತೆ ಸೇರಿ ಮಾರ್ಗದರ್ಶಿಯನ್ನು ಹೊರತಂದಿದೆ.

ಆಡಳಿತವೇ ಮತ್ತೊಮ್ಮೆ ಬದಲಾಗುವ ಹಂತದಲ್ಲಿದೆ. 2024ರ ಡಿಸೆಂಬರ್‌ನ ಶ್ವೇತಪತ್ರದಂತೆ ಕೌಂಟಿ, ಡಿಸ್ಟ್ರಿಕ್ಟ್ ಎಂಬ ಎರಡು ಹಂತ ತೆಗೆದು ಏಕಹಂತದ ಕೌನ್ಸಿಲ್‌ಗಳನ್ನು ತರಲು ಸರ್ಕಾರ ಮುಂದಾಗಿದೆ. ಗ್ಲಾಸ್ಟರ್‌ಶೈರ್‌ನಲ್ಲಿ ಇದನ್ನು 2028ರ ಏಪ್ರಿಲ್‌ನಿಂದ ಜಾರಿಗೆ ತರುವ ಉದ್ದೇಶವಿದ್ದು, ಹಾಗಾದರೆ 1974ರಲ್ಲಿ ಹುಟ್ಟಿದ ಡಿಸ್ಟ್ರಿಕ್ಟ್ ಕೌನ್ಸಿಲ್ ಇಲ್ಲವಾಗುತ್ತದೆ. ಪ್ಯಾರಿಷ್‌ಗಳು ಉಳಿಯುತ್ತವೆ. ಕಚೇರಿ ದೂರವಾದಾಗ ಒಂದು ಹಳ್ಳಿಯ ಕಿಟಕಿಯ ಬಗ್ಗೆ ಅಷ್ಟೇ ಕಾಳಜಿಯಿಂದ ಯೋಚಿಸುವವರು ಇರುತ್ತಾರೆಯೇ ಎಂಬುದನ್ನು ಹೊಸ ವ್ಯವಸ್ಥೆ ಮೊದಲ ದಿನದಿಂದಲೇ ಗಮನದಲ್ಲಿಡಬೇಕು.

ಕಟ್ಟಡವನ್ನು ಉಳಿಸುವುದು ಅದರೊಳಗಿನ ಬಾಳುವೆ. ಬ್ಯಾಪ್ಟಿಸ್ಟ್ ಹಿಕ್ಸ್ ಮಾರುಕಟ್ಟೆ ಮಂಟಪಕ್ಕೂ ಮೊದಲು, 1612ರಲ್ಲಿ, ಕ್ಯಾಂಪ್ಡನ್ ಚರ್ಚಿಗೆ ಹೋಗುವ ದಾರಿಯಲ್ಲಿ ಹನ್ನೆರಡು ಬಡ ವೃದ್ಧರಿಗಾಗಿ ಒಂದು ಸಾಲು ಮನೆಗಳನ್ನು ಕಟ್ಟಿಸಿದ. ಆಮೇಲೆ ಅಂತರ್ಯುದ್ಧ ಬಂತು, ಹಿಕ್ಸ್‌ನ ಸ್ವಂತ ಮಹಲು 1645ರಲ್ಲಿ ಸುಟ್ಟು ಬೂದಿಯಾಯಿತು. ಆ ಸಾಲುಮನೆಗಳಲ್ಲಿ ಊರಿನ ಹಿರಿಯರು ಇಂದಿಗೂ ವಾಸವಾಗಿದ್ದಾರೆ.